ಮೆಣಸಿನಕಾಯಿ ಸಸಿ ಏಳುತ್ತಿಲ್ಲವೇ? ಮೊದಲು ಎಲೆ ತಿರುಗಿಸಿ ನೋಡಿ

ಎಲ್ಲರಿಗೂ ನಮಸ್ಕಾರ.

ತಾರಸಿ ತೋಟದವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ಬೀಜ ಚೆನ್ನಾಗಿಯೇ ಮೊಳೆಯಿತು ಸಾರ್, ಆಮೇಲೆ ಗಿಡ ಏಳುತ್ತಲೇ ಇಲ್ಲ. ಏನು ಹೊಡೆಯಲಿ?" ಹೊಡೆಯುವ ಮಾತು ಆಮೇಲೆ. ಎಲೆ ಮುದುಡಿದೆಯೋ ಇಲ್ಲವೋ, ಅದನ್ನು ಮೊದಲು ಹೇಳಿ. ಅರ್ಧ ಉತ್ತರ ಅಲ್ಲೇ ಇದೆ.

ಎಲೆ ಮುದುಡಿಲ್ಲ, ಗಿಡ ಸುಮ್ಮನೆ ನಿಂತುಬಿಟ್ಟಿದೆ ಎಂದರೆ ತೊಂದರೆ ಸಾಮಾನ್ಯವಾಗಿ ಬೇರಿನದ್ದು. ಚಳಿಯದ್ದೂ ಇರಬಹುದು. ಮೆಣಸಿಗೆ 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಖುಷಿ. ಬೆಂಗಳೂರಿನ ಜನವರಿ ರಾತ್ರಿಯಲ್ಲಿ ಅದು ಮುಂದೆ ಹೋಗದಿದ್ದರೆ ಅದರ ತಪ್ಪೇನಿಲ್ಲ. ನಾಟಿಗೆ ಬರಲು ಹೇಗೂ ಐದಾರು ವಾರ ಬೇಕು. ಟೊಮೆಟೊ ಜತೆ ಹೋಲಿಸಿ ಗಾಬರಿಯಾಗಬೇಡಿ.

ಚಳಿಯಿಲ್ಲದೆಯೂ ನಿಂತಿದ್ದರೆ ಒಂದು ಸಸಿಯನ್ನು ಮಣ್ಣಿನ ಸಮೇತ ಮೆಲ್ಲಗೆ ಹೊರತೆಗೆಯಿರಿ. ಬೇರು ಬೆಳ್ಳಗೆ ಗಟ್ಟಿಯಾಗಿರಬೇಕು. ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ ನೀರು ಹೆಚ್ಚಾಗಿ ಕೊಳೆತಿದೆ ಎಂದರ್ಥ. ಕುಂಡ ತಟ್ಟಿದಾಗ ಸೊಳ್ಳೆಯಂಥ ಸಣ್ಣ ಕಪ್ಪು ನೊಣ ಏಳುತ್ತವೆಯೇ? ಅವುಗಳ ಮರಿಹುಳು ಸದಾ ತೇವವಿರುವ ಮಣ್ಣಲ್ಲೇ ಬೆಳೆದು ಎಳೆ ಬೇರನ್ನು ಮೇಯುತ್ತವೆ. ಇದಕ್ಕೆ ಔಷಧಿಗಿಂತ ಮೊದಲು ನೀರು ಕಡಿಮೆ ಮಾಡಿ. ಮೇಲ್ಮಣ್ಣು ಒಂದು ಬೆರಳುಗೆರೆಯಷ್ಟು ಒಣಗಿದ ಮೇಲೆಯೇ ನೀರು. ಮಣ್ಣಿನ ಮಟ್ಟದಲ್ಲಿ ಕಾಂಡ ನೂಲಿನಂತೆ ಸಣ್ಣಗಾಗಿ ಸಸಿ ಮಲಗಿದ್ದರೆ ಅದು ಬುಡ ಕೊಳೆರೋಗ, ಆ ಸಸಿ ಉಳಿಯುವುದಿಲ್ಲ. ಮುಂದಿನ ಸಲ ಬೀಜ ತೆಳುವಾಗಿ ಬಿತ್ತಿ, ಮಣ್ಣಿಗೆ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರದ ಪುಡಿ ಬೆರೆಸಿ.

ಇನ್ನು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಬರೀ ಅದರಲ್ಲೇ ಸಸಿ ಬೆಳೆಸುವವರು ಈಗ ಬಹಳ. ಅದರಲ್ಲಿ ಹೇಳಿಕೊಳ್ಳುವಂಥ ಪೋಷಕಾಂಶ ಇಲ್ಲ, ಸರಿಯಾಗಿ ತೊಳೆಯದಿದ್ದರೆ ಉಪ್ಪು ಮಾತ್ರ ಇರುತ್ತದೆ. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪೀಟನ್ನು ನೆನೆಸಿ ಎರಡು ಮೂರು ನೀರು ಚೆಲ್ಲಿ, ಆಮೇಲೆ ಎರೆಗೊಬ್ಬರ ಬೆರೆಸಿ. ಅಡುಗೆಮನೆ ಕಸದ ಗೊಬ್ಬರವಾದರೆ ಪೂರ್ತಿ ಕಳಿತಿರಬೇಕು. ಅರೆಬೆಂದ ಗೊಬ್ಬರ ಗಿಡದ ಸಾರಜನಕವನ್ನೇ ಕಸಿದುಕೊಳ್ಳುತ್ತದೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣದ ಕೊರತೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನದಿಂದ ಮಣ್ಣಿನ ಕ್ಷಾರ ಏರಿ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದರ ಮೇಲೆ "ಹುಳಕ್ಕೆ ಒಳ್ಳೆಯದು" ಎಂದು ಒಲೆಯ ಬೂದಿ ಸುರಿದರೆ ಕ್ಷಾರ ಇನ್ನಷ್ಟು ಏರುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಸಸಿಗಳಿಗೆ ಅದನ್ನೇ ಕೊಡಿ.

ಈಗ ಮುದುಡಿದ ಎಲೆಗೆ ಬರೋಣ. ಹಳ್ಳಿಯಲ್ಲಿ ಎಲ್ಲವನ್ನೂ ಸೇರಿಸಿ ಮುಟುರು ರೋಗ ಎನ್ನುತ್ತಾರೆ. ಆದರೆ ಅದರ ಹಿಂದೆ ಮೂರು ಬೇರೆ ಬೇರೆ ಕಳ್ಳರಿದ್ದಾರೆ.

ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್. ಬಿಳಿ ಹಾಳೆ ಹಿಡಿದು ಚಿಗುರನ್ನು ತಟ್ಟಿ, ಹುಲ್ಲಿನ ಚೂರಿನಷ್ಟು ಸಣ್ಣ ಹಳದಿ ಕೀಟ ಸರಸರ ಓಡುವುದು ಕಾಣುತ್ತದೆ. ಹೂವಿನೊಳಗೆ ಕಪ್ಪಗಿರುವವು ಸಿಕ್ಕರೆ ಅದು ಹೊರದೇಶದಿಂದ ಬಂದ ಇನ್ನೊಂದು ಜಾತಿಯಿರಬಹುದು. 2021ರ ಹೊತ್ತಿಗೆ ತೆಲಂಗಾಣ, ಆಂಧ್ರ, ನಮ್ಮ ಮೆಣಸಿನ ಸೀಮೆ ಎಲ್ಲ ಕಡೆ ಹಬ್ಬಿ ರೈತರನ್ನು ಅಳಿಸಿದ್ದು ಅದೇ.

ಅಂಚು ಕೆಳಕ್ಕೆ, ಬೋರಲು ಹಾಕಿದ ದೋಣಿಯಂತೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಇಲಿಬಾಲದಂತೆ ಉದ್ದವಾಗಿದ್ದರೆ ಹಳದಿ ಮೈಟ್ ನುಸಿ. ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಬೇಕು. ಮೈಟ್ ಕೀಟವೇ ಅಲ್ಲ, ಎಂಟು ಕಾಲಿನ ಜೇಡನ ಸಂಬಂಧಿ. ಹಾಗಾಗಿ ಅಂಗಡಿಯವರು ಕೊಡುವ ಎಷ್ಟೋ ಕೀಟನಾಶಕ ಅದಕ್ಕೆ ತಾಗುವುದೇ ಇಲ್ಲ. ಅದನ್ನು ತಿನ್ನುವ ಒಳ್ಳೆಯ ಹುಳಗಳು ಸತ್ತು ಮೈಟ್‌ಗೇ ಹಬ್ಬವಾಗುತ್ತದೆ. "ಹೊಡೆದಷ್ಟೂ ಹೆಚ್ಚಾಯಿತು" ಎನ್ನುವುದರ ಒಂದು ಗುಟ್ಟು ಇದು.

ಥ್ರಿಪ್ಸ್‌ಗೆ ಲೀಟರ್ ನೀರಿಗೆ 3ರಿಂದ 5 ಮಿಲಿ ಬೇವಿನೆಣ್ಣೆ, ಕದಡಲು ಚೂರು ಸೋಪು, ಸಂಜೆ ಹೊತ್ತು, ಎಲೆಯ ಅಡಿಗೆ ಬೀಳುವಂತೆ, ವಾರಕ್ಕೊಮ್ಮೆ. ಎಳೆ ಸಸಿಯಾದರೆ ಮೊದಲು ಒಂದಕ್ಕೆ ಹಾಕಿ ನೋಡಿ. ಮೈಟ್‌ಗೆ ನೀರಲ್ಲಿ ಬೆರೆಯುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಇವೆರಡನ್ನೂ ಸೇರಿಸಬೇಡಿ. ಎಣ್ಣೆ ಹೊಡೆದು ಎರಡು ವಾರದೊಳಗೆ ಗಂಧಕ ಬಿದ್ದರೆ ಎಲೆ ಸುಟ್ಟು ಹೋಗುತ್ತದೆ. ಉರಿಬಿಸಿಲಲ್ಲೂ ಗಂಧಕ ಬೇಡ. ಸಸ್ಯಹೇನಿಗಂತೂ ಪೈಪಿನ ನೀರಿನ ರಭಸವೇ ಸಾಕು, ಇರುವೆ ಹತ್ತದಂತೆ ನೋಡಿಕೊಳ್ಳಿ.

ಮೂರನೆಯದು ಬಿಳಿನೊಣ ತರುವ ವೈರಸ್. ಎಲೆ ಸಣ್ಣಗೆ, ಒತ್ತೊತ್ತಾಗಿ, ಹಳದಿ ತಿರುಗಿ ಗಿಡ ಗುಜ್ಜಾಗುತ್ತದೆ. ಹುಳಿ ಮಜ್ಜಿಗೆ, ಬೆಳ್ಳುಳ್ಳಿ ಕಷಾಯ, ಯಾವುದರಿಂದಲೂ ಒಳಗೆ ಸೇರಿದ ವೈರಸ್ ಹೋಗುವುದಿಲ್ಲ. ಇನ್ನೊಂದು ಮಾತು, ಹಿರಿಯರು ಬೇಸರಿಸಿಕೊಳ್ಳಬೇಡಿ: ಹೊಗೆಸೊಪ್ಪು ಹಾಕಿಕೊಳ್ಳುವವರು ಸಸಿ ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ತಂಬಾಕೂ ಮೆಣಸೂ ಒಂದೇ ಕುಟುಂಬ, ತಂಬಾಕಿನ ಮೊಸಾಯಿಕ್ ವೈರಸ್ ಬೆರಳಿನಿಂದಲೇ ದಾಟುತ್ತದೆ.

ವೈರಸ್ ಹಿಡಿದ ಸಸಿಯನ್ನು ಕಿತ್ತು, ಚೀಲದಲ್ಲಿ ಕಟ್ಟಿ ಆಚೆ ಹಾಕಿ. ಉಳಿದವುಗಳ ಮೇಲೆ ಒತ್ತು ಹೆಣಿಗೆಯ ನೈಲಾನ್ ಪರದೆ ಹಾಕಿ, ನಾಟಿಯವರೆಗೂ ತೆಗೆಯಬೇಡಿ. ನೀವು ಸಸಿ ತಂದಿದ್ದರೆ ಈ ಮೇಜಿನ ಮೇಲಿಡಿ, ಭೂತಗನ್ನಡಿ ಇದೆ, ಒಂದೊಂದಾಗಿ ನೋಡೋಣ.