ಗರ್ಭಿಣಿಯರ ಬಿಪಿಯ ಸುಳಿವನ್ನು ಯೂರಿನ್ ಟೆಸ್ಟ್ ಎಷ್ಟು ಮುಂಚೆ ಕೊಡಬಲ್ಲದು?

[ದೃಶ್ಯ: ಮೂತ್ರದ ಕಪ್‌ನಲ್ಲಿ ಅದ್ದಿ ತೆಗೆದ ಕಡ್ಡಿ. ತುದಿಯ ಹಳದಿ ಚೌಕ ನಿಧಾನಕ್ಕೆ ಹಸಿರಾಗುತ್ತಿದೆ.]

ಈ ಹಳದಿ ಚೌಕ ನೋಡಿ. ಹಸಿರಾಗುತ್ತಿದೆ, ಅಲ್ವಾ? ಅಂದರೆ ಮೂತ್ರದಲ್ಲಿ ಪ್ರೋಟೀನ್ ಇದೆ. ಗರ್ಭಿಣಿಯರು ಚೆಕಪ್‌ಗೆ ಹೋದಾಗಲೆಲ್ಲ ಯೂರಿನ್ ಕೇಳುವುದು ಸುಮ್ನೆ ಅಲ್ಲ. 20 ವಾರ ದಾಟಿದ ಮೇಲೆ ಹೊಸದಾಗಿ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಹೋಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಗರ್ಭನಂಜು ಅಂತಲೂ ಕರೆಯುತ್ತಾರೆ. 100 ಗರ್ಭಿಣಿಯರಲ್ಲಿ 2ರಿಂದ 8 ಜನಕ್ಕೆ ಬರುತ್ತದೆ. ಕೆಲವರಲ್ಲಿ ಪ್ರೋಟೀನ್ ಇಲ್ಲದೆಯೂ, ಲಿವರ್‌ಗೋ ಪ್ಲೇಟ್‌ಲೆಟ್‌ಗೋ ಏಟು ಬಿದ್ದು ಗೊತ್ತಾಗುವುದುಂಟು.

ನನ್ನನ್ನು ಕಾಡುವ ವಿಷಯ ಏನು ಗೊತ್ತಾ? ಕಡ್ಡಿ ಹಸಿರಾಗುವ ಹೊತ್ತಿಗೆ ಕಿಡ್ನಿಯ ಜರಡಿ ಆಗಲೇ ಸೋರುತ್ತಿರುತ್ತದೆ. ಕಾಯಿಲೆ ಬಂದಾಗಿದೆ. ಅದೇ ಕಪ್‌ನಲ್ಲಿ ಇನ್ನೂ ಮುಂಚಿನ ಸುಳಿವು ಸಿಗಬಹುದಾ?

[ದೃಶ್ಯ: ಮಾಸು, ಅದಕ್ಕೆ ರಕ್ತ ತರುವ ನಾಳಗಳು.]

ಈ ಕಾಯಿಲೆಯ ಬೇರು ಇರುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಸಣ್ಣ ರಕ್ತನಾಳಗಳು ಅಗಲವಾಗಬೇಕು. ಅದು ಸರಿಯಾಗಿ ಆಗದಿದ್ದರೆ ಮಾಸಿಗೆ ರಕ್ತ ಸಾಲುವುದಿಲ್ಲ. ಆಗ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ. ರಕ್ತನಾಳಗಳನ್ನು ಚೆನ್ನಾಗಿಡುವ ಇನ್ನೊಂದು ಪ್ರೋಟೀನ್, ಪಿಎಲ್‌ಜಿಎಫ್. ಅದನ್ನು ಇದು ಹಿಡಿದು ಕಟ್ಟಿಹಾಕುತ್ತದೆ. ತಾಯಿಯ ನಾಳಗಳು ಬಿಗಿಯಾಗುತ್ತವೆ, ಬಿಪಿ ಏರುತ್ತದೆ.

ಎಸ್‌ಎಫ್‌ಎಲ್‌ಟಿ-1 ದೊಡ್ಡದು, ಕಿಡ್ನಿಯ ಜರಡಿಯಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಪಿಎಲ್‌ಜಿಎಫ್ ಚಿಕ್ಕದು, ಇಳಿದು ಮೂತ್ರಕ್ಕೆ ಬರುತ್ತದೆ. ರಕ್ತದಲ್ಲಿ ಕಡಿಮೆಯಾದರೆ ಮೂತ್ರದಲ್ಲೂ ಕಡಿಮೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿತು: 21ರಿಂದ 32 ವಾರದೊಳಗೆ ಮೂತ್ರದಲ್ಲಿ ಪಿಎಲ್‌ಜಿಎಫ್ ತೀರಾ ಕಡಿಮೆ ಇದ್ದವರಿಗೆ, ದಿನ ತುಂಬುವ ಮೊದಲೇ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ಬಹಳ ಹೆಚ್ಚಿತ್ತು. ದಿನ ತುಂಬಿದ ಮೇಲೆ ಬರುವುದನ್ನು ಹಿಡಿಯುವುದು ಇಷ್ಟು ಸುಲಭ ಅಲ್ಲ.

ಇನ್ನೊಂದು ತೊಡಕು, ನೀರು. ಎರಡು ಲೋಟ ಜಾಸ್ತಿ ಕುಡಿದರೂ ಮೂತ್ರ ತೆಳುವಾಗುತ್ತದೆ, ಲೆಕ್ಕ ಏರುಪೇರಾಗುತ್ತದೆ. ಹಾಗಾಗಿ ಮೂತ್ರದಲ್ಲೇ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಜೊತೆ ಹೋಲಿಸಿ ಅಳೆಯುತ್ತಾರೆ.

[ದೃಶ್ಯ: ಬಿಳಿ ಹಾಳೆಯ ಮೇಲೆ ಕೆಂಪು ಚುಕ್ಕೆ.]

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಕಾಂಗೋ ರೆಡ್ ಎಂಬ ಬಣ್ಣವನ್ನು ಮೂತ್ರಕ್ಕೆ ಬೆರೆಸಿ, ಒಂದು ಹನಿ ವಿಶೇಷ ಹಾಳೆಯ ಮೇಲೆ ಇಟ್ಟು ತೊಳೆಯುತ್ತಾರೆ. ಪ್ರಿಎಕ್ಲಾಂಪ್ಸಿಯಾ ಇದ್ದವರ ಮೂತ್ರದಲ್ಲಿ ತಪ್ಪಾಗಿ ಮಡಚಿಕೊಂಡ ಪ್ರೋಟೀನ್‌ಗಳು ಇರುತ್ತವೆ, ಬಣ್ಣ ಅವಕ್ಕೆ ಅಂಟಿಕೊಳ್ಳುತ್ತದೆ. ತೊಳೆದರೂ ಕೆಂಪು ಹೋಗುವುದಿಲ್ಲ. ಆದರೆ ಇದು ಹೆಚ್ಚಾಗಿ ಬಂದಿರುವ ಕಾಯಿಲೆಯನ್ನು ಗುರುತಿಸಲು. ಕಿಡ್ನಿಯ ಜರಡಿಯಿಂದ ಉದುರಿದ ಪೋಡೋಸೈಟ್ ಕೋಶಗಳನ್ನೂ ಮೂತ್ರದಲ್ಲಿ ಹುಡುಕಿದ್ದಾರೆ, ಅದು ಲ್ಯಾಬ್‌ನಲ್ಲಿ ಸಾಕಷ್ಟು ಶ್ರಮದ ಕೆಲಸ.

ನಿಜವಾದ ಕಗ್ಗಂಟು ಸಮಯದ್ದು. ತಡೆಯಲು ಕೊಡುವ ಕಡಿಮೆ ಡೋಸ್ ಆಸ್ಪಿರಿನ್ ಅನ್ನು 16 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. 2017ರ ಒಂದು ದೊಡ್ಡ ಪ್ರಯೋಗದಲ್ಲಿ, ಅಪಾಯ ಹೆಚ್ಚಿದ್ದವರಿಗೆ 11ರಿಂದ 14 ವಾರದಲ್ಲಿ ಶುರು ಮಾಡಿ ರಾತ್ರಿ 150 ಮಿಲಿಗ್ರಾಂ ಕೊಟ್ಟರು. ದಿನ ತುಂಬುವ ಮೊದಲೇ ಬರುವ ಪ್ರಿಎಕ್ಲಾಂಪ್ಸಿಯಾ 4.3%ರಿಂದ 1.6%ಕ್ಕೆ ಇಳಿಯಿತು. ಆ ಗರ್ಭಿಣಿಯರನ್ನು ಆರಿಸಿದ್ದು ಬಿಪಿ, ಸ್ಕ್ಯಾನ್, ರಕ್ತ ಪರೀಕ್ಷೆಗಳಿಂದ. ಮೂತ್ರದ ಪಿಎಲ್‌ಜಿಎಫ್ ಮಾತಾಡುವುದೋ 20 ವಾರ ಕಳೆದ ಮೇಲೆ! ಆಗಲೂ ಅದು ವ್ಯರ್ಥವಲ್ಲ, ಯಾರನ್ನು ಹತ್ತಿರದಿಂದ ಗಮನಿಸಬೇಕು ಅಂತ ಹೇಳಬಲ್ಲದು. ಸೂಜಿ ಬೇಡ, ನೋವಿಲ್ಲ. ಅದಕ್ಕೇ ಈ ಹುಡುಕಾಟ ಮುಂದುವರಿಯಲಿ ಅಂತ ಮನಸಾರೆ ಬಯಸುತ್ತೇನೆ.

ನೀವು ಗರ್ಭಿಣಿಯಾಗಿದ್ದರೆ, ಹಿಂದಿನ ಬಸುರಿನಲ್ಲಿ ಬಿಪಿ ಏರಿತ್ತಾ, ಶುಗರ್, ಕಿಡ್ನಿ ತೊಂದರೆ ಇದೆಯಾ, ಅವಳಿ ಮಕ್ಕಳಾ, ಇದನ್ನೆಲ್ಲ ಮೊದಲ ಭೇಟಿಯಲ್ಲೇ ಡಾಕ್ಟರ್‌ಗೆ ಹೇಳಿ. ಆಸ್ಪಿರಿನ್ ಬೇಕಾ ಅಂತ ಕೇಳಿ, ನೀವೇ ಶುರು ಮಾಡಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ಇದ್ದಕ್ಕಿದ್ದಂತೆ ಮುಖ ಊದುವುದು, ಇದರಲ್ಲಿ ಯಾವುದು ಕಂಡರೂ ಮುಂದಿನ ಚೆಕಪ್‌ವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೆರಿಗೆಯಾಗಿ ಆರು ವಾರದ ತನಕವೂ.