ಶೋಲಾ ಬಿಟ್ಟು ಹೊರಗೆ ಬಾರದ ಹಕ್ಕಿ

ಹಸಿರು, ಅರೆಗತ್ತಲು, ಅಲುಗಾಡುತ್ತಿರುವ ನಾಲ್ಕು ಎಲೆ. ಈ ವಿಡಿಯೋದಲ್ಲಿ ಇಷ್ಟೇ ಕಾಣಿಸುತ್ತಿದೆ ಅಲ್ವಾ? ಹಕ್ಕಿ ಎಲ್ಲಿ ಅಂತ ಹುಡುಕಬೇಡಿ, ಕಿವಿ ಕೊಡಿ. ಆ ತೆಳ್ಳಗಿನ ಸಿಳ್ಳೆ, ನಡುವೆ ನಿಂತು ಮತ್ತೆ ಎತ್ತಿಕೊಳ್ಳುತ್ತದಲ್ಲ, ಅದೇ ನೀಲಗಿರಿ ಶೋಲಾಕಿಳಿ.

ನಾವಿರುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಬೆಟ್ಟದ ಮೈಯೆಲ್ಲ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಒತ್ತಾದ ಕಾಡು. ಅದೇ ಶೋಲಾ. ಒಳಗೆ ಕಾಲಿಟ್ಟರೆ ತಣ್ಣಗೆ, ಒದ್ದೆ, ಜೊತೆಗೆ ಇಂಬಳ.

ಈಗ ನೋಡಿ, ಎಡಗಡೆ, ಕೊಳೆತ ದಿಮ್ಮಿಯ ಪಕ್ಕ! ಗುಬ್ಬಚ್ಚಿಯಷ್ಟೇ ಗಾತ್ರ. ಕಾಲು ಉದ್ದ, ಬಾಲ ಗಿಡ್ಡ. ಮೈ ಸ್ಲೇಟಿನ ನೀಲಿ, ಪಕ್ಕೆ ಕಂದುಗೆಂಪು, ಹೊಟ್ಟೆಯ ನಡುವೆ ಬಿಳಿ. ಎರಡು ಸಲ ಕುಪ್ಪಳಿಸಿತು, ನಿಂತಿತು, ತರಗೆಲೆಯೊಳಗೆ ಕೊಕ್ಕು ಹಾಕಿ ಹುಳ ಎತ್ತಿಕೊಂಡಿತು. ಫೋಕಸ್ ಆಗುವಷ್ಟರಲ್ಲಿ ಮಾಯ. ಸ್ಲೋ ಮೋಷನ್‌ನಲ್ಲಿ ಇನ್ನೊಮ್ಮೆ ಹಾಕಿದ್ದೇನೆ, ನನಗೆ ಸಿಕ್ಕಿದ್ದು ಇಷ್ಟೇ.

ಇದರ ನಾಚಿಕೆ ಸುಮ್ನೆ ಸ್ವಭಾವದ ಮಾತಲ್ಲ. ನೆರಳು ಮುಗಿದ ಕಡೆ ಇದರ ಲೋಕ ಮುಗಿಯಿತು. ಒಂದು ಬೆಟ್ಟದಿಂದ ಕೆಳಗಿಳಿದು ಬಿಸಿಲಿನ ಬಯಲು ದಾಟಿ ಇನ್ನೊಂದು ಬೆಟ್ಟ ಹತ್ತುವ ಜಾತಿಯಲ್ಲ. ಪಶ್ಚಿಮ ಘಟ್ಟದ ಸಾಲನ್ನು ನಡುವೆ ತುಂಡರಿಸುವ ಪಾಲಕ್ಕಾಡ್ ಕಣಿವೆ ಸುಮಾರು 30 ಕಿಲೋಮೀಟರ್ ಅಗಲ. ಹದ್ದಿಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ಈ ಹಕ್ಕಿ ಕಣಿವೆಯ ಉತ್ತರಕ್ಕೇ ಉಳಿಯಿತು: ನೀಲಗಿರಿ, ಬ್ರಹ್ಮಗಿರಿ, ಇಲ್ಲಿ ಬಾಬಾಬುಡನ್. ದಕ್ಷಿಣದ ಆನೆಮಲೆ, ಪಳನಿ ಬೆಟ್ಟಗಳಲ್ಲಿರುವುದು ಇದರ ದಾಯಾದಿ, ಬಿಳಿಹೊಟ್ಟೆಯ ಶೋಲಾಕಿಳಿ. ಹಿಂದೆ ಇವನ್ನು ಬೇರೆ ಬೇರೆ ಹಕ್ಕಿ ಗುಂಪುಗಳಿಗೆ ಸೇರಿಸುತ್ತಿದ್ದರು. 2017ರಲ್ಲಿ ಡಿಎನ್‌ಎ ಆಧಾರದ ಮೇಲೆ ಶೋಲಿಕೋಲಾ ಅಂತ ಇವುಗಳದ್ದೇ ಹೊಸ ಕುಲ ಮಾಡಿದರು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಹಾಡಿನ ಕಥೆ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರು ಕಡೆಯ 38 ಶೋಲಾಕಿಳಿಗಳ 835 ಹಾಡುಗಳನ್ನು ಹೋಲಿಸಿದರು. ಹಾಡುಗಳು ಮುಖ್ಯವಾಗಿ ಮೂರು ಗುಂಪಾಗಿ ಬೇರೆಯಾದವು. ಹಳೆಯ ಕಣಿವೆಗಳು ಹಕ್ಕಿಗಳನ್ನು ಬೇರೆ ಮಾಡಿದ ಗುರುತಿನ ಜೊತೆಗೆ, ಇತ್ತೀಚೆಗೆ ಕಾಡು ಕಡಿದದ್ದರ ಗುರುತೂ ಹಾಡಿನ ಕೆಲವು ಲಕ್ಷಣಗಳಲ್ಲಿ ಸಿಕ್ಕಿತು. ಬೆಟ್ಟಕ್ಕೊಂದು ಧಾಟಿ, ನಮ್ಮ ಊರೂರಿನ ಕನ್ನಡದ ಹಾಗೆ. ನೀಲಗಿರಿಯಲ್ಲಂತೂ ಟೀ, ನೀಲಗಿರಿ ಮರ, ವ್ಯಾಟಲ್ ಅನ್ನುವ ಅಕೇಶಿಯಾ ಮರ ನೆಟ್ಟು ಶೋಲಾವನ್ನೂ ಹುಲ್ಲುಗಾವಲನ್ನೂ ಎಷ್ಟೋ ಕಡೆ ನುಂಗಿ ಹಾಕಿದ್ದಾರೆ. ಹಕ್ಕಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ.

ಮೊಬೈಲ್‌ನಲ್ಲಿ ಇದರ ಹಾಡು ಹಾಕಿ ಹೊರಗೆ ಕರೆಸಬಹುದಲ್ಲ ಅಂತ ಜೊತೆಗಿದ್ದ ಗೆಳೆಯ ಕೇಳಿದ. ಬೇಡ ಮಾರಾಯ ಅಂದೆ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂದುಕೊಂಡು, ಮರಿ ಸಾಕುವ ಹೊತ್ತಿನಲ್ಲಿ ಅದು ಜಗಳಕ್ಕೆ ಬರುತ್ತದೆ.

ನೀವು ಬರುವುದಾದರೆ ಮುಂಗಾರಿಗೆ ಮುಂಚೆ ಬನ್ನಿ, ಬೆಳಕು ಹರಿಯುವ ಹೊತ್ತಿಗೇ ಬನ್ನಿ. ಬಿಸಿಲೇರಿದ ಮೇಲೆ ರಸ್ತೆಯಲ್ಲಿ ಜೀಪಿನ ಹಾರ್ನ್, ಕಾರಿನ ಡಿಜೆ. ಉದ್ದ ಕಾಲುಚೀಲ ಮರೆಯಬೇಡಿ.