ದುಡ್ಡು ಕೊಡ್ತೀನಿ, ಅಂಗಡಿ ತೋರಿಸಿ

ನಮಸ್ಕಾರ ರೀ, ಕಲಬುರಗಿಯಿಂದ. ಹೊರಗೆ ಬೆಂಕಿ ಬಿಸಿಲು, ಒಳಗೆ ನನ್ನ ತಲೆ ಅದಕ್ಕಿಂತ ಬಿಸಿ. ಹೋದ ವಾರ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್, ಅಂದರೆ ಹಳೆಯ ಗೇಮ್ ಮಷಿನಿನ ಹಾಗೆ ಕೆಲಸ ಮಾಡುವ ಸಾಫ್ಟ್‌ವೇರ್ ಹಾಕಿ, ಪಿಎಸ್2 (ಪ್ಲೇಸ್ಟೇಷನ್ 2) ಕಾಲದ ಸ್ಪೈಡರ್ ಮ್ಯಾನ್ 2 ಆಡಿದ ವಿಡಿಯೋ ಬಿಟ್ಟಿದ್ದೆ. ಕೆಳಗೆ ಒಬ್ಬ ಬರೆದಿದ್ದಾನೆ: "ಅಣ್ಣಾ, ಇದು ಕಳ್ಳತನ. ದುಡ್ಡು ಕೊಟ್ಟು ಆಡಿ."

ಕೊಡ್ತೀನಪ್ಪಾ. ಅಂಗಡಿ ತೋರಿಸು.

2004ರ ಗೇಮ್ ಅದು, ಈಗ ಕಂಪನಿ ಮಾರ್ತಾನೇ ಇಲ್ಲ. ಬಲೆ ಎಸೆದರೆ ನಿಜವಾಗಿಯೂ ಕಟ್ಟಡಕ್ಕೇ ಅಂಟಬೇಕು, ಸುಮ್ನೆ ಆಕಾಶಕ್ಕೆ ಅಂಟಲ್ಲ. ಪಕ್ಕದಲ್ಲಿ ಬಿಲ್ಡಿಂಗ್ ಇಲ್ವಾ, ಕೆಳಗೆ ಬಿದ್ದಿರಿ. ನಡುವೆ ಪಿಜ್ಜಾ ಬೇರೆ ಮುಟ್ಟಿಸಬೇಕು, ಟೈಮ್ ಮುಗಿಯುವುದರೊಳಗೆ. ನಾನು ಇದನ್ನು ಕಲಿತದ್ದು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗೇಮ್ ಅಂಗಡಿಯಲ್ಲಿ. ರಿಮೋಟಿನ ಎಡಗಡೆ ಕಡ್ಡಿ ಸವೆದು, ಅದಕ್ಕೆ ಸೈಕಲ್ ಟ್ಯೂಬಿನ ಚೂರು ಸುತ್ತಿದ್ದರು. ಡಿಸ್ಕಿನ ಮೇಲೆ ಹೆಸರು ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು. ಅದು ಒರಿಜಿನಲ್ಲಾ ಅಂತ ಈಗ ಕೇಳಬೇಡಿ.

ಈಗಿನದು ಒರಿಜಿನಲ್. ಸೆಕೆಂಡ್ ಹ್ಯಾಂಡ್ ಡಿಸ್ಕ್, ನಾನೇ ಕೊಂಡದ್ದು. ನನ್ನ ಪಿಎಸ್2ನಲ್ಲಿ ಡಿಸ್ಕ್ ಓದುವ ಲೆನ್ಸ್ ಸತ್ತಿದೆ. ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿ ಕಾಪಿ ತೆಗೆದೆ, ಪಿಸಿಎಸ್ಎಕ್ಸ್2 ಅನ್ನೋ ಎಮ್ಯುಲೇಟರಿನಲ್ಲಿ ಓಡಿಸಿದೆ. ಇದರಲ್ಲಿ ಕಂಪನಿಗೆ ಒಂದು ರೂಪಾಯಿಯೂ ಹೋಗಿಲ್ಲ, ನಿಜ. ಹೋಗಲಿ ಅಂತಲೇ ಹೇಳ್ತಾ ಇದ್ದೀನಿ. ಗಲ್ಲಾ ಎಲ್ಲಿದೆ?

"ಕಂಪನಿಯವರೇ ವಾಪಸ್ ತರ್ತಾರೆ, ಕಾಯಿರಿ" ಅಂತ ಇನ್ನೊಬ್ಬ. ಡೆಡ್‌ಪೂಲ್ ಗೇಮ್ ನೋಡಿ. 2013ರಲ್ಲಿ ಬಂತು. ಮಾರ್ವೆಲ್ ಪಾತ್ರ ಬಳಸೋ ಲೈಸೆನ್ಸ್ ಮುಗಿದು 2014ರ ಶುರುವಿನಲ್ಲೇ ಆನ್‌ಲೈನ್ ಅಂಗಡಿಗಳಿಂದ ಮಾಯ. 2015ರಲ್ಲಿ ಮತ್ತೆ ಬಂತು, 2017ರಲ್ಲಿ ಮತ್ತೆ ಹೋಯಿತು. ನಮ್ಮ ಗಲ್ಲಿಯ ಕರೆಂಟೇ ವಾಸಿ! ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಕೂಡ 2013ರಲ್ಲಿ ಹೀಗೇ ಕಾಣೆಯಾಗಿ, 2024ರಲ್ಲಿ ವಾಪಸ್ ಬಂತು. ಕೊಂಡೆ! ರಸೀದಿ ಇದೆ! ಅಂಗಡಿ ತೋರಿಸಿದರು, ದುಡ್ಡು ಕೊಟ್ಟೆ. ಇಷ್ಟೇ ಅಲ್ವಾ ನಾನು ಕೇಳ್ತಿರೋದು?

2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅನ್ನೋ, ಹಳೆಯ ಗೇಮ್ ಉಳಿಸೋ ಸಂಸ್ಥೆ ಲೆಕ್ಕ ಹಾಕಿತು. ಅಮೆರಿಕದಲ್ಲಿ ಬಂದ ಹಳೆಯ ಗೇಮ್‌ಗಳಲ್ಲಿ 87 ಶೇಕಡಾ ಈಗ ಮಾರಾಟಕ್ಕೇ ಇಲ್ಲ. ನೂರಕ್ಕೆ ಎಂಬತ್ತೇಳು! ತೊಗರಿ ಮೂಟೆಯಲ್ಲಿ ಅಷ್ಟು ಹುಳ ಬಿದ್ದಿದ್ದರೆ ನಮ್ಮ ಜನ ರಸ್ತೆಗೆ ಇಳೀತಿದ್ದರು.

ಅಂದ ಹಾಗೆ, ಸಬ್‌ಸ್ಕ್ರೈಬ್ ಮಾಡದೇ ನೋಡ್ತಿರುವವರೇ ಜಾಸ್ತಿ. ಅದೂ ಒಂಥರಾ ಕಳ್ಳತನವೇ. ಒತ್ತಿ.

"ಹೊಸ ಸ್ಪೈಡರ್ ಮ್ಯಾನ್ ಇದೆಯಲ್ಲ, ಅದನ್ನು ಆಡಿ." ಹೌದಾ? ನಿಮ್ಮ ಅವ್ವ ಜೋಳದ ರೊಟ್ಟಿ ಕೇಳಿದರೆ ಬನ್ ಕೊಡ್ತೀರಾ? ಬನ್ ಹೊಸದೇ! ಬೇಕರಿಯಿಂದ ಈಗಷ್ಟೇ ಬಂದದ್ದು! ನನಗೆ ರೊಟ್ಟಿ ಬೇಕು ರೀ. ಅಂಗಡಿ ತೋರಿಸಿ. ವಿಳಾಸ ಹಾಕಿ, ಲಿಂಕ್ ಹಾಕಿ, ಈ ಬಿಸಿಲಲ್ಲೇ ನಡೆದು ಹೋಗ್ತೀನಿ.

ಇಷ್ಟಕ್ಕೂ ನೀನು... ಅಯ್ಯೋ, ಫ್ಯಾನ್ ನಿಂತಿತು. ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನಲ್ಲಿ 9 ಪರ್ಸೆಂಟ್. ತಡೀರಿ, ಪಿಜ್ಜಾ ಅರ್ಧ ದಾರಿಯಲ್ಲಿದೆ, ಸೇವ್ ಮಾಡಿ ಬರ್ತೀನಿ.